ಹನ್ನೆರಡು ಹಿಟ್ಟಿನ ಪೊಟ್ಟಣಗಳೊಂದಿಗೆ ಜರ್ಮನಿಗೆ

ಗೌರಿಬಿದನೂರು

ಜರ್ಮನಿಯಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು ಇಷ್ಟು ವರ್ಷ ಹಿಮದ ಕಥೆ, ಟ್ರಾಮಿನ ಕಥೆ, ಬರೀ ಆಲೂಗಡ್ಡೆಯಲ್ಲಿ ದಿನ ಕಳೆದ ಕಥೆ ಹೇಳಿಕೊಂಡು ಬಂದಿದ್ದೇನೆ. ಅವೆಲ್ಲ ನಿಜವೇ. ಆದರೆ ನಾನು ಹೋದದ್ದು ಟ್ರಂಕಿನಲ್ಲಿ ಹನ್ನೆರಡು ಹಿಟ್ಟಿನ ಪೊಟ್ಟಣ ಇಟ್ಟುಕೊಂಡು. ಅವುಗಳನ್ನು ಬಿಟ್ಟು ಉಳಿದದ್ದನ್ನು ಹೇಳುವುದು ಸಾರು ಚೆಲ್ಲಿ ಒಗ್ಗರಣೆ ಬಡಿಸಿದ ಹಾಗೆ.

ಗೌರಿಬಿದನೂರಿನ ಹೊರಗೆ, ರೈಲ್ವೆ ಗೇಟಿನ ಆಚೆ, ನಮ್ಮ ಯಜಮಾನರ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಮೂರು ಶೆಡ್ಡು. ಒಂದರಲ್ಲಿ ಹನ್ನೆರಡು ಮಂದಿ ಹೆಂಗಸರು ರಾಗಿ, ಕಡಲೆಕಾಯಿ ಬೀಜ ಹುರಿದು ಬೀಸಿ, ಬೆಲ್ಲ ಸೇರಿಸಿ ಮಕ್ಕಳಿಗೆಂದು ಹುರಿಹಿಟ್ಟು ಮಾಡುತ್ತಿದ್ದರು. ಇನ್ನೊಂದರಲ್ಲಿ ನಾನು ಕಾಗದಕ್ಕೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ ಪೊಟ್ಟಣದ ಕಾಗದ ತಯಾರಿಸುತ್ತಿದ್ದೆ. ಮೂರನೆಯದರಲ್ಲಿ ಹಿಟ್ಟು ತುಂಬಿ ಬಾಯಿ ಮುಚ್ಚುತ್ತಿದ್ದರು. ಅಲ್ಲಿಂದ ಅದು ಸುತ್ತಲಿನ ಶಾಲೆಗಳಿಗೆ, ಬಾಣಂತಿಯರ ಮನೆಗಳಿಗೆ ಹೋಗುತ್ತಿತ್ತು. ಹೊರಗೆ ಕಂದು ಕಾಗದ, ಒಳಗೆ ಬೆಳ್ಳಿಯ ಹಾಗೆ ಮಿನುಗುವ ಹಾಳೆ, ಎರಡರ ನಡುವೆ ನನ್ನ ಅಂಟು.

ನಾನು ಚಿಂತಾಮಣಿಯವನು. ಅಲ್ಲಿಯ ಬೈಂಡಿಂಗ್ ಅಂಗಡಿಯೊಂದರಲ್ಲಿ ಹದಿನೈದು ವರ್ಷ ಪುಸ್ತಕ ಹೊಲಿದು ಕೈ ಪಳಗಿದವನು. ನಮ್ಮ ಕಡೆ ಅಂಟೆಂದರೆ ಹುಣಸೆಬೀಜದ್ದೇ. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ, ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿಟ್ಟರೆ ಎರಡು ವಾರವಾದರೂ ಕೆಡುವುದಿಲ್ಲ. ಬೈಂಡಿಂಗ್ ಅಂಗಡಿಯ ಸಾಹೇಬರು ಕಲಿಸಿದ್ದು ಹಾಗೆ. ಅವರು ಕಟ್ಟಿದ ಪುಸ್ತಕಕ್ಕೆ ಗೆದ್ದಲು ಬಾಯಿ ಹಾಕಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಶಾಲೆಗಳಲ್ಲಿ ಮಕ್ಕಳು ಹಿಟ್ಟು ತಿಂದು ವಾಂತಿ ಮಾಡಿಕೊಂಡರು. ಕೈವಾರದ ದಾರಿಯ ಒಂದು ಹಳ್ಳಿಯಲ್ಲಿ ಮೂರು ವರ್ಷದ ಹೆಣ್ಣು ಮಗು ಎರಡು ದಿನ ವಾಂತಿ, ಭೇದಿ ಆಗಿ ತೀರಿಕೊಂಡಿತು. ಪೊಟ್ಟಣ ಒಡೆದು ಮೂಸಿದರೆ ಕಮಟು ವಾಸನೆ. ಎಲ್ಲರೂ ಒಂದೇ ಮಾತು ಆಡಿದರು: ಹುರಿದವರು ಬೂಷ್ಟು ಹಿಡಿದ ಹಳೇ ಬೀಜ ಹಾಕಿದ್ದಾರೆ. ಹುರಿಯುವ ಶೆಡ್ಡಿಗೆ ಹಿರಿಯರು ಶಿಡ್ಲಘಟ್ಟದ ಅಕ್ಕಯ್ಯಮ್ಮ. ಯಜಮಾನರು ಅವರನ್ನು ಕೆಲಸದಿಂದ ನಿಲ್ಲಿಸಿದರು, ಕಾರ್ಖಾನೆಗೆ ಬೀಗ ಹಾಕಿದರು, ವಿಚಾರಣೆಗೆ ಮೂರು ಜನ ಕೂತರು.

ನನ್ನ ಪ್ರಯಾಣ ಮೊದಲೇ ನಿಶ್ಚಯವಾಗಿತ್ತು. ಯಜಮಾನರು ಜರ್ಮನಿಯಿಂದ ಕಾಗದ ಅಂಟಿಸುವ ಯಂತ್ರ ತರಿಸುವವರಿದ್ದರು, ಅದನ್ನು ನಡೆಸಲು ಕಲಿತು ಬರುವುದು ನನ್ನ ಕೆಲಸ. ಹೊರಡುವ ದಿನ ಅಕ್ಕಯ್ಯಮ್ಮ ಸ್ಟೇಷನ್ನಿಗೆ ಬಂದರು.

"ರಾಮಣ್ಣ, ಅಲ್ಲಿ ಎಲ್ಲಾನೂ ಪರೀಕ್ಷೆ ಮಾಡಿ ಹೇಳೋರು ಇರ್ತಾರಂತೆ, ಹೌದಾ?"

"ಇರ್ತಾರಂತೆ ಅಕ್ಕಯ್ಯಮ್ಮ."

"ಹಂಗಾದ್ರೆ ಕೇಳ್ಕೊಂಡು ಬಾ. ತಪ್ಪು ನನ್ನ ಕೈಯ್ದಾ, ಅಲ್ವಾ, ಅದೊಂದು. ತಪ್ಪು ಅಂದ್ರೆ ತಪ್ಪು ಅಂತ್ಲೇ ಬಂದ್ ಹೇಳಪ್ಪ, ನಾನೇನೂ ಅಂದ್ಕಳಲ್ಲ. ಆದ್ರೆ ಬೀಜಾನ ಒಂದೊಂದೇ ಆರ್ಸಿದೀನಿ. ಕಣ್ಣು ಮಂಜಾಗಿರ್ಬೋದು, ಮೂಗು ಕೆಟ್ಟಿಲ್ಲ ನಂಗೆ."

ಅವರು ಉಳಿದಿದ್ದ ಪೊಟ್ಟಣಗಳಲ್ಲಿ ಹನ್ನೆರಡನ್ನು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ತಂದಿದ್ದರು. ಕೇಳಿಕೊಂಡು ಬರುತ್ತೇನೆ ಎಂದು ತೆಗೆದುಕೊಂಡೆ. ತಪ್ಪು ಅವರದೇ ಎಂದು ನನಗೂ ಅನ್ನಿಸಿತ್ತು. ಐವತ್ತು ದಾಟಿದ ಹೆಂಗಸು, ಕಣ್ಣು ಮಂಜು, ಮಳೆಗಾಲದ ಬೀಜ. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

ಹಡಗು

ಬೊಂಬಾಯಿಯಲ್ಲಿ ಹಡಗು ಹತ್ತಿದ ಮೂರನೇ ದಿನ ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಉಪ್ಪಿನಕಾಯಿ ಜಾಡಿಯ ಬಟ್ಟೆ ಸಡಿಲವಾಗಿ ಎಣ್ಣೆಯೆಲ್ಲ ಇದ್ದೊಂದು ಕೋಟಿಗೆ ಇಳಿಯಿತು. ಯೂರೋಪಿನಲ್ಲಿ ನಾನು ಹೋದಲ್ಲೆಲ್ಲ ಮೆಂತ್ಯ, ಇಂಗಿನ ವಾಸನೆ ನನಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಟ್ರಾಮಿನಲ್ಲಿ ನನ್ನ ಪಕ್ಕದ ಜಾಗ ಯಾವಾಗಲೂ ಖಾಲಿ.

ಸಮುದ್ರ ನನಗೆ ಆಗಿಬರಲಿಲ್ಲ. ಮಲಗಿದರೆ ತಲೆ ಸುತ್ತು, ಎದ್ದರೆ ಹೊಟ್ಟೆ ತೊಳಸು. ಬಾಲ್ದಿಯ ಮುಂದೆ ಕೂತಾಗಲೆಲ್ಲ ಆ ಎರಡು ಶಾಲೆಗಳ ಮಕ್ಕಳು ನೆನಪಾಗುತ್ತಿದ್ದರು. ಗಟ್ಟಿ ಜೀವದ ನನಗೇ ಹೀಗಾದರೆ ಮೂರು ವರ್ಷದ ಕೂಸಿಗೆ ಹೇಗಾಗಿರಬೇಕು ಎಂದುಕೊಳ್ಳುತ್ತಿದ್ದೆ. ಹಡಗಿನವರು ಕೊಡುತ್ತಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಉಗುರಿನಿಂದ ಪದರ ಪದರ ಬಿಡಿಸಿ ನೋಡುವುದೇ ನನಗೆ ಹೊತ್ತು ಕಳೆಯುವ ಕೆಲಸವಾಯಿತು. ಮೇಲೆ ಬಣ್ಣದ ಕಾಗದ, ಕೆಳಗೆ ಮೇಣ, ಅದರ ಕೆಳಗೆ ಇನ್ನೊಂದು ತೆಳು ಕಾಗದ. ಬಿಸ್ಕತ್ತು ಗರಿಗರಿ. ಸುತ್ತ ಉಪ್ಪು ನೀರು, ಒಳಗೆ ಗರಿಗರಿ.

ಗಡಿಯ ಸುಂಕದ ಕಟ್ಟೆ

ಇಟಲಿಯಲ್ಲಿ ಇಳಿದು ರೈಲು ಹಿಡಿದೆ. ಜರ್ಮನಿಯ ಗಡಿಯಲ್ಲಿ ಸುಂಕದವನು ಟ್ರಂಕು ತೆಗೆಸಿದ. ಬಟ್ಟೆ, ತಂಬಿಗೆ, ಜಾಡಿ ಎಲ್ಲ ದಾಟಿ ಅವನ ಕೈ ಸೀರೆಯ ಗಂಟಿನ ಮೇಲೆ ನಿಂತಿತು. ಬೆಳ್ಳಿ ಹಾಳೆಯೊಳಗೆ ಕಂದು ಪುಡಿ. ಇದೇನು ಎಂದ. ತಿನ್ನುವ ಹಿಟ್ಟು, ಮಕ್ಕಳಿಗೆ ಎಂದೆ. ಅವನು ನನ್ನ ಮುಖ ನೋಡಿದ, ಪುಡಿ ನೋಡಿದ, ಇನ್ನೊಬ್ಬನನ್ನು ಕರೆದ. ಅವರಿಬ್ಬರೂ ಮಾತಾಡಿಕೊಂಡರು. ಆಮೇಲೆ ಒಂದು ಚಮಚ ತಂದು ನನ್ನ ಕೈಗೆ ಕೊಟ್ಟು, ತಿನ್ನು ಎಂದು ಸನ್ನೆ ಮಾಡಿದ.

ನಮ್ಮಲ್ಲಾದರೆ ಪೊಲೀಸಿನವನು ಎರಡು ಪೊಟ್ಟಣ ತನ್ನ ಚೀಲಕ್ಕೆ ಹಾಕಿಕೊಂಡು ಕಳಿಸಿಬಿಡುತ್ತಿದ್ದ. ಇಲ್ಲಿ ಹಾಗಿಲ್ಲ. ಹೊರಗೆ ಹಿಮ, ಒಳಗೆ ಇಬ್ಬರು ನೆಟ್ಟಗೆ ನಿಂತವರು, ನಡುವೆ ಒಂದು ಮಗುವನ್ನು ಕೊಂದ ಹಿಟ್ಟು. ತಿನ್ನದಿದ್ದರೆ ಹನ್ನೆರಡೂ ಅಲ್ಲೇ ಉಳಿಯುತ್ತವೆ.

ತಿಂದೆ. ಪೊಟ್ಟಣದ ಬದಿಗೆ ಅಂಟಿದ್ದ ಹಿಟ್ಟನ್ನೇ ಚಮಚ ಕೆರೆದಿತ್ತು. ಮೊದಲು ಕಮಟು, ಆಮೇಲೆ ನಾಲಿಗೆಯ ಬುಡದಲ್ಲಿ ಒಂಥರ ಒಗರು. ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬು ಬರುತ್ತದಲ್ಲ, ಅಂಥದು. ಅವರು ತೃಪ್ತರಾಗಿ ಟ್ರಂಕಿಗೆ ಸೀಮೆಸುಣ್ಣದ ಗೀಟು ಹಾಕಿದರು. ನಾನು ರೈಲಿನ ಕಕ್ಕಸಿಗೆ ಓಡಿದೆ. ಬಾಯಿ ತೊಳೆಯುವಾಗ ಕಿಲುಬು ಎಂಬ ಮಾತು ಮನಸ್ಸಿಗೆ ಬಂದಿತ್ತು, ನಿಜ. ಬಂದದ್ದು ಹಾಗೇ ಹೋಯಿತು.

ಮಾರ್ತಾ ಅಮ್ಮನ ಮನೆ

ಕಾರ್ಖಾನೆಯವರು ನನಗೆ ಮಾರ್ತಾ ಎಂಬ ಮುದುಕಿಯ ಮನೆಯಲ್ಲಿ ಕೋಣೆ ಕೊಡಿಸಿದ್ದರು. ಮೊದಲ ದಿನವೇ ನಾನು ತಂಬಿಗೆಯಲ್ಲಿ ನೀರು ಹುಯ್ದುಕೊಂಡು ಸ್ನಾನ ಮಾಡಿ ಬಚ್ಚಲಿನ ಹಲಗೆ ನೆಲವನ್ನೆಲ್ಲ ಕೆರೆ ಮಾಡಿಟ್ಟೆ. ನೀರು ಕೆಳಗಿನ ಮನೆಯವರ ಊಟದ ಮೇಜಿನ ಮೇಲೆ ತೊಟ್ಟಿಕ್ಕಿತಂತೆ. ಮಾರ್ತಾ ಅಮ್ಮ ಬೈಯಲಿಲ್ಲ, ಒಂದು ಗೋಣಿಯಂಥ ಬಟ್ಟೆ ಕೈಗೆ ಕೊಟ್ಟು ಮೊಣಕಾಲೂರಿ ಒರೆಸುವುದು ಹೇಗೆ ಎಂದು ತೋರಿಸಿದರು. ಅಂದಿನಿಂದ ನಾನು ಆ ತೊಟ್ಟಿಯೊಳಗೇ ಕೂತು ಮೀಯುವುದನ್ನು ಕಲಿತೆ. ನಮ್ಮ ಎಮ್ಮೆಗಳು ಕೆರೆಯಲ್ಲಿ ಕೂತಂತೆ.

ಆಕೆಯ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಅಂಗಡಿಯಿಂದ ಏನೇ ಬರಲಿ, ಸುತ್ತಿದ ಕಾಗದವನ್ನು ಹರಿಯದೆ ಬಿಡಿಸಿ, ಇಸ್ತ್ರಿ ಮಾಡಿ, ಮಡಿಸಿ ಇಡುತ್ತಿದ್ದರು. ರೊಟ್ಟಿಯದು ಒಂದು ಕಟ್ಟು, ಬೆಣ್ಣೆಯದು ಒಂದು ಕಟ್ಟು. ಇನ್ನೊಂದು ಅಭ್ಯಾಸ ಎಂದರೆ ಯಾವ ತಿಂಡಿಯನ್ನೂ ಮೂಸದೆ ಬಡಿಸುತ್ತಿರಲಿಲ್ಲ. ಯುದ್ಧದ ಕೊನೆಯಲ್ಲಿ ರೊಟ್ಟಿಗೆ ಮರದ ಹೊಟ್ಟು ಬೆರೆಸುತ್ತಿದ್ದರಂತೆ, ಆಗಿನಿಂದ ಹಾಗೆ.

ಚಿಂತಾಮಣಿಯ ಸಂತೆಯಲ್ಲಿ ಬೆಲ್ಲವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಬಾಳೆನಾರು ಬಿಗಿಯುತ್ತಾರೆ. ಮನೆಗೆ ಬಂದು ಎಲೆ ಬಿಸಾಡಿದರೆ ಆಡು ತಿಂದು ಹೋಗುತ್ತದೆ. ಅಲ್ಲಿಗೆ ಪೊಟ್ಟಣದ ಆಯುಸ್ಸು ಮುಗಿಯಿತು. ಒಂದು ಪೊಟ್ಟಣ ಮೂರು ತಿಂಗಳು ಕೆಡದೆ ಉಳಿಯಬೇಕು ಎಂಬ ಆಸೆ ನಮ್ಮ ಹಿರಿಯರಿಗೆ ಇರಲೇ ಇಲ್ಲ. ಆ ಆಸೆ ನಮ್ಮ ಕಾಲಕ್ಕೆ ಬಂತು, ಅದಕ್ಕೆ ಬೇಕಾದ ವಿದ್ಯೆ ಮಾತ್ರ ಜೊತೆಗೆ ಬರಲಿಲ್ಲ.

ಒಂದು ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಮಾರ್ತಾ ಅಮ್ಮ ಕೋಣೆ ಗುಡಿಸುತ್ತ ಒಂದು ಪೊಟ್ಟಣ ತೆಗೆದು ಮೂಸಿದ್ದರು. ನಾನು ಬಾಗಿಲಲ್ಲಿ ನಿಂತಾಗ ಅದನ್ನು ದೂರ ಹಿಡಿದು, ಯಾರಿಗೆ ಎಂದು ಕೇಳಿದರು. ಅಂಗೈಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಮಗುವಿನ ಎತ್ತರ ತೋರಿಸಿದೆ. ಆಕೆ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕೈ ತೊಳೆದುಕೊಂಡರು, ಎರಡು ಸಲ. ಅವತ್ತು ಊಟ ಬಡಿಸುವಾಗ ನನ್ನ ಮುಖ ನೋಡಲಿಲ್ಲ.

ಅಂಟಿನ ಕೋಣೆ

ಕಾರ್ಖಾನೆಯಲ್ಲಿ ನನಗೆ ಕಲಿಸುತ್ತಿದ್ದವರು ಲೋರೆನ್ಜ್ ಎಂಬ ಹಿರಿಯರು. ಯುದ್ಧದಲ್ಲಿ ಸೆರೆ ಸಿಕ್ಕಿ ಇಂಗ್ಲಿಷರ ಶಿಬಿರದಲ್ಲಿದ್ದವರು. ಅವರ ಇಂಗ್ಲಿಷು ಅಲ್ಲಿಯದು, ನನ್ನದು ಚಿಂತಾಮಣಿ ಮಿಡಲ್ ಸ್ಕೂಲಿನದು. ಎರಡೂ ಕುಂಟುತ್ತಿದ್ದುದರಿಂದ ಜೊತೆಯಾಗಿ ನಡೆಯುವುದು ಸುಲಭವಾಯಿತು.

ಯಂತ್ರದ ಮರ್ಮ ಬೇಗ ತಿಳಿಯಿತು. ಒಂದು ಉರುಳೆ ಕಾಗದದ್ದು, ಒಂದು ಅಲ್ಯೂಮಿನಿಯಮ್ಮಿನದು, ನಡುವೆ ಅಂಟಿನ ತೊಟ್ಟಿ. ಎರಡನ್ನೂ ಒತ್ತಿ ಬಿಸಿ ಉರುಳೆಯ ಮೇಲೆ ಹಾಯಿಸಿದರೆ ಅಂಟಿನ ನೀರು ಕಾಗದದ ಕಡೆಯಿಂದ ಆವಿಯಾಗಿ ಹೋಗುತ್ತದೆ. ನಾನು ಕೈಯಲ್ಲಿ ಕುಂಚ ಹಿಡಿದು ಮಾಡುತ್ತಿದ್ದದ್ದೂ ಅದೇ. ಅವರದು ಗಾಳಿಯ ವೇಗ, ನನ್ನದು ಎತ್ತಿನ ಗಾಡಿ.

ಆದರೆ ಅಂಟಿನ ಕೋಣೆಯಲ್ಲಿ ಅವರ ರೀತಿಯೇ ಬೇರೆ. ಬೆಳಿಗ್ಗೆ ಆಲೂಗಡ್ಡೆ ಹಿಟ್ಟಿನ ಅಂಟು ಕಾಯಿಸುತ್ತಾರೆ. ಆರಿದ ಮೇಲೆ ಲೋರೆನ್ಜ್ ಅವರು ಕಿರುಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ. ಅದಾದ ಮೇಲೆಯೇ ಅಂಟು ತೊಟ್ಟಿಗೆ ಹೋಗುವುದು. ಸಂಜೆ ಉಳಿದದ್ದನ್ನು ಚೆಲ್ಲಿ ತೊಟ್ಟಿ ತೊಳೆಯುತ್ತಾರೆ. ಚೆಲ್ಲುವುದನ್ನು ಕಂಡು ನನಗೆ ಹೊಟ್ಟೆ ಉರಿಯಿತು. ನಮ್ಮಲ್ಲಿ ಅಂಟೂ ಅನ್ನವೇ, ಚೆಲ್ಲಿದರೆ ಪಾಪ. ಅದಕ್ಕೇ ತಾನೇ ನಾವು ಕೆಡದ ಹಾಗೆ ಮಾಡಿಟ್ಟುಕೊಳ್ಳುವುದು.

"ಯಾಕೆ ನೆಕ್ಕುತ್ತೀರಿ?" ಎಂದು ಕೇಳಿದೆ.

"ನನಗೆ ಕಲಿಸಿದ ಮುದುಕ ಹೀಗೇ ಮಾಡುತ್ತಿದ್ದ. ನೀನು ನೆಕ್ಕಲಾರದ ಅಂಟನ್ನು ಇನ್ನೊಬ್ಬನ ರೊಟ್ಟಿಗೆ ಸುತ್ತಬೇಡ ಎನ್ನುತ್ತಿದ್ದ. ನೀವು ನಿಮ್ಮದನ್ನು ನೆಕ್ಕುವುದಿಲ್ಲವೇ?"

ಇಲ್ಲ ಎಂದೆ. ನಗುತ್ತಲೇ ಎಂದೆ. ನಮ್ಮದನ್ನು ನೆಕ್ಕುವ ಹಾಗಿಲ್ಲ, ಅದರಲ್ಲಿ ವಿಷ ಇದೆ ಎಂದು ಹೇಳಲು ಬಾಯಿ ತೆರೆದೆ.

ತೆರೆದ ಬಾಯಿ ಹಾಗೇ ನಿಂತಿತು. ಬೈಂಡಿಂಗ್ ಅಂಗಡಿಯಲ್ಲಿ ಸಾಹೇಬರು ಮೊದಲ ದಿನ ಹೇಳಿದ್ದೇ ಅದು: "ಕೈ ತೊಳೀದೆ ಊಟಕ್ ಕೂತ್ಕೊಬೇಡ ಬೇಟಾ, ಜಹರ್ ಐತೆ ಇದ್ರಲ್ಲಿ." ಹದಿನೈದು ವರ್ಷ ಕೈ ತೊಳೆದೇ ಉಂಡವನು ನಾನು. ಪುಸ್ತಕವನ್ನು ಯಾರೂ ತಿನ್ನುವುದಿಲ್ಲ. ಗೌರಿಬಿದನೂರಿಗೆ ಬಂದಮೇಲೂ ಅದೇ ಅಂಟು, ಅದೇ ಮೈಲುತುತ್ತ. ಆ ಮಳೆಗಾಲದಲ್ಲಿ ಅಂಟು ಬೂಷ್ಟು ಹಿಡಿಯುತ್ತಿದೆ ಎಂದು ಒಂದು ಹಿಡಿ ಜಾಸ್ತಿಯೇ ಹಾಕಿದ್ದೆ. ನಡುವೆ ತಗಡಿನ ಹಾಳೆ ಇದೆಯಲ್ಲ, ಹಿಟ್ಟಿಗೆ ಏನಾಗುತ್ತದೆ ಎಂದುಕೊಂಡಿದ್ದೆನೋ, ಅಷ್ಟೂ ಅಂದುಕೊಂಡಿರಲಿಲ್ಲವೋ.

"ನನ್ನ ಹತ್ತಿರ ಕೆಲವು ಪೊಟ್ಟಣ ಇವೆ," ಎಂದೆ ಲೋರೆನ್ಜ್ ಅವರಿಗೆ. ಅಲ್ಲಿಗೆ ಹೋಗಿ ಐದು ವಾರವಾಗಿತ್ತು. ಯಂತ್ರ ಮೊದಲು ಕಲಿಯೋಣ, ಪೊಟ್ಟಣ ಆಮೇಲೆ ತೋರಿಸೋಣ ಎಂದು ದಿನ ತಳ್ಳುತ್ತಿದ್ದವನು ನಾನು.

ದೀಪದ ಪೆಟ್ಟಿಗೆ

ಲೋರೆನ್ಜ್ ಅವರು ಒಂದು ಪೊಟ್ಟಣ ಬಿಚ್ಚಿ, ಹಿಟ್ಟನ್ನು ಎರಡು ಭಾಗ ಮಾಡಿದರು. ನಡುವಿನದು ಒಂದು ಬಟ್ಟಲಿಗೆ, ಹಾಳೆಗೆ ತಗುಲಿದ್ದು ಇನ್ನೊಂದಕ್ಕೆ. ಮೂಸಿ ನೋಡಿ ಎಂದರು. ಬದಿಯದು ಕಮಟು. ನಡುವಿನದು ಅಕ್ಕಯ್ಯಮ್ಮನ ಶೆಡ್ಡಿನ ಮುಂದೆ ಹಾದು ಹೋಗುವಾಗ ಬರುತ್ತಿದ್ದ ಅದೇ ಹುರಿದ ಬೀಜದ ಘಮ.

ಆಮೇಲೆ ಕಾಗದವನ್ನು ನೀರಿನಲ್ಲಿ ನೆನೆಸಿ ಅಲ್ಯೂಮಿನಿಯಂ ಹಾಳೆಯನ್ನು ಬೇರೆ ಮಾಡಿದರು. ಒಳಗೆ ದೀಪವಿರುವ ಒಂದು ಗಾಜಿನ ಪೆಟ್ಟಿಗೆ ಇತ್ತು, ಅದರ ಮೇಲೆ ಹಾಸಿದರು. ಕಪ್ಪಗೆ ಕಾಣಬೇಕಾದ ಹಾಳೆಯ ತುಂಬ ಬೆಳಕಿನ ಚುಕ್ಕೆಗಳು. ಸಾಸಿವೆಗಿಂತ ಸಣ್ಣವು, ಎಣಿಸಲಾಗದಷ್ಟು. ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಪ್ರತಿ ತೂತಿನ ಅಂಚಿನಲ್ಲೂ ಕೆಂಪಗೆ ಏನೋ ಕೂತಿತ್ತು.

"ತಾಮ್ರ," ಎಂದರು. ಅಂಟಿಗೆ ಏನು ಬೆರೆಸುತ್ತಾರೆ ಎಂದು ಕೇಳಿದರು, ಮೈಲುತುತ್ತ ಎಂದೆ. ನಿಧಾನವಾಗಿ, ಒಂದೊಂದೇ ಮಾತು ಹುಡುಕಿ ಹೇಳಿದರು. ಮೈಲುತುತ್ತ ಎಂದರೆ ತಾಮ್ರದ ಉಪ್ಪು, ಅದರ ನೀರು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ತಿಂದ ಜಾಗದಲ್ಲಿ ತಾಮ್ರ ಉಳಿಯುತ್ತದೆ. ಕಡಲೆಕಾಯಿಯ ಎಣ್ಣೆಗೆ ತಾಮ್ರ ಸೋಕಿದರೆ ಬೇಗ ಕೆಡುತ್ತದೆ. ತೂತಿನ ದಾರಿಯಲ್ಲಿ ಮಳೆಗಾಲದ ತೇವ ಹೋಗುತ್ತದೆ, ವಿಷವೂ ಹೋಗುತ್ತದೆ.

"ಹುರಿದವರು ಯಾರು?" ಎಂದು ಕೇಳಿದರು.

"ಒಬ್ಬ ಹೆಂಗಸು."

"ಒಳ್ಳೆಯ ಕೈ. ಇಷ್ಟು ದಿನವಾದರೂ ನಡುವಿನ ಹಿಟ್ಟು ಕೆಟ್ಟಿಲ್ಲ." ಆಮೇಲೆ, "ಅಂಟು?" ಎಂದರು.

"ನಾನು."

ಅವರು ತಲೆ ಆಡಿಸಿದರು. ಸಮಾಧಾನ ಹೇಳಲಿಲ್ಲ. ಆ ಊರಿನವರು ಹೇಳುವುದಿಲ್ಲ. ನಮ್ಮಲ್ಲಾದರೆ ಯಾರಾದರೂ 'ಏನ್ ಮಾಡಕಾಯ್ತದಪ್ಪ, ಹಣೇಬರ' ಎಂದು ಬೆನ್ನು ಸವರುತ್ತಿದ್ದರು. ಲೋರೆನ್ಜ್ ಅವರು ದೀಪ ಆರಿಸಿದರು, ಕೂತು ನಾಲ್ಕು ಹಾಳೆ ವರದಿ ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. "ಇದನ್ನು ಇವತ್ತೇ ಅಂಚೆಗೆ ಹಾಕಿ," ಎಂದರು.

ಅಂಚೆ ಕಚೇರಿ

ಹಾಕಲಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ.

ವಿಮಾನದ ಅಂಚೆಯ ನೀಲಿ ಕಾಗದ ಕೊಂಡು, ಅಲ್ಲಿಯ ಎತ್ತರದ ಮೇಜಿನ ಮುಂದೆ ನಿಂತು ಯಜಮಾನರಿಗೆ ಬರೆದೆ. ಕಾರ್ಖಾನೆ ಮತ್ತೆ ಶುರುವಾಗುವುದಾದರೆ ಅಂಟಿಗೆ ಮೈಲುತುತ್ತ ಹಾಕಕೂಡದು, ದಿನದ ಅಂಟು ದಿನಕ್ಕೇ ಮಾಡಬೇಕು, ಉಳಿದದ್ದನ್ನು ಚೆಲ್ಲಬೇಕು, ಗೋದಾಮಿನಲ್ಲಿರುವ ಹಳೇ ಕಾಗದವನ್ನೆಲ್ಲ ಸುಡಬೇಕು. ಇಷ್ಟು ಬರೆದೆ. ಯಾಕೆ ಎಂದು ಬರೆಯಲಿಲ್ಲ. ಅಕ್ಕಯ್ಯಮ್ಮನ ಹೆಸರು ಬರೆಯಲಿಲ್ಲ. ವರದಿಯನ್ನು ಮಡಿಸಿ ಟ್ರಂಕಿನ ತಳದಲ್ಲಿ ಇಟ್ಟೆ.

ಇಂಥದ್ದನ್ನು ಕಾಗದದಲ್ಲಿ ಬರೆಯಬಾರದು, ಎದುರು ಕೂತು ಹೇಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನು ಯಾವ ಮಗುವಿಗೂ ಅಪಾಯವಿಲ್ಲವಲ್ಲ, ಆರೇಳು ವಾರ ತಡವಾದರೆ ಏನು ಎಂದೂ ಹೇಳಿಕೊಂಡೆ. ಹೊರಗೆ ಹಿಮ ಬೀಳುತ್ತಿತ್ತು. ಊರಿನವರಿಗೆ ನಾನು ಚೆಂದ ಮಾಡಿ ವರ್ಣಿಸುವ ಹಿಮ ಅದೇ. ಅವತ್ತು ಅದನ್ನು ನೋಡುತ್ತ ನಿಂತದ್ದು ಮನೆಗೆ ಹೋಗಲು ಕಾಲು ಬಾರದ್ದರಿಂದ.

ಮತ್ತೆ ಗೌರಿಬಿದನೂರು

ಬರುವಾಗಿನ ಹಡಗಿನಲ್ಲಿ ಹೊಟ್ಟೆ ತೊಳಸಲಿಲ್ಲ. ಸಮುದ್ರ ಶಾಂತವಾಗಿತ್ತು. ಅದೂ ಒಂದು ಕಷ್ಟವೇ, ಯೋಚನೆಗೆ ಬಿಡುವು ಸಿಕ್ಕಿಬಿಡುತ್ತದೆ.

ಸ್ಟೇಷನ್ನಿನಿಂದ ನೇರ ಕಾರ್ಖಾನೆಗೆ ಹೋದೆ. ಬೀಗ ತೆಗೆದಿತ್ತು, ಹುರಿಯುವ ಶೆಡ್ಡಿನಿಂದ ಹೊಗೆ ಬರುತ್ತಿತ್ತು. ಯಜಮಾನರು ಖುಷಿಯಾಗಿದ್ದರು.

"ಬನ್ನಿ ರಾಮಣ್ಣ, ತೆಳ್ಳಗಾಗ್ಬಿಟ್ಟಿದೀರಲ್ಲ. ಅಲ್ಲಿ ಮುದ್ದೆ ಹಾಕೋರಿರ್ಲಿಲ್ವಾ?"

ವರದಿ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಮೊದಲ ಪುಟ ಓದಿದರು, ಮಡಿಸಿದರು.

"ವಿಚಾರಣೆ ಮುಗೀತಲ್ಲ. ಅಕ್ಕಯ್ಯಮ್ಮ ಒಪ್ಕೊಂಡ್ರು. ಹಳೇ ಬೀಜ ಹಾಕಿದ್ದು ನಾನೇ ಅಂತ ಹೆಬ್ಬೆಟ್ಟು ಒತ್ತಿದಾರೆ."

"ಯಾವಾಗ?"

"ನಿಮ್ಮ ಕಾಗದ ಬಂದ್ಮೇಲೆ ಒಂದು ಹತ್ತು ದಿವ್ಸಕ್ಕೆ."

ಅವರು ದನಿ ತಗ್ಗಿಸಿದರು. "ನಿಮ್ಮ ಮಾತಿನಂಗೆ ಮೈಲುತುತ್ತ ನಿಲ್ಸಿದ್ವಿ, ಕಾಗದಾನೂ ಸುಟ್ವಿ. ಯಾಕೆ ಅಂತ ನೀವೂ ಬರೀಲಿಲ್ಲ, ನಾವೂ ಕೇಳ್ಲಿಲ್ಲ. ಈಗ್ಯಾಕೆ ಕೆದಕಾಣ ಹೇಳಿ?"

ವರದಿಯನ್ನು ಎತ್ತಿಕೊಂಡು ಬಂದೆ.

ಶಿಡ್ಲಘಟ್ಟ

ಅಕ್ಕಯ್ಯಮ್ಮ ಒಂದು ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಕೆಲಸಕ್ಕೆ ಸೇರಿದ್ದರು. ಕುದಿಯುವ ನೀರಿನ ಬಾನಿಯ ಮುಂದೆ ಕೂತು ಗೂಡುಗಳಿಂದ ಎಳೆ ಹಿಡಿಯುತ್ತಿದ್ದರು. ಬೆರಳ ತುದಿಗಳೆಲ್ಲ ಬೆಳ್ಳಗೆ ಸುಲಿದಿದ್ದವು. ನನ್ನನ್ನು ಕಂಡು ಎದ್ದು ಬರಲಿಲ್ಲ, ಕೈ ಬಿಟ್ಟರೆ ಎಳೆ ಕಡಿಯುತ್ತದೆ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ.

"ಬಂದ್ಯಾ ರಾಮಣ್ಣ. ಏನಂದ್ರು?"

"ನೀವ್ಯಾಕೆ ಹೆಬ್ಬೆಟ್ಟು ಒತ್ತಿದ್ರಿ?"

"ಹನ್ನೊಂದು ಜನ ಹೆಂಗಸ್ರು ಮನೇಲಿ ಕೂತ್ಬಿಟ್ಟಿದ್ರು ಕಣಪ್ಪ. ತಪ್ಪು ಯಾರ್ದಂತ ಗೊತ್ತಾಗೋವರ್ಗೂ ಕಾರ್ಖಾನೆ ಬಾಗಿಲು ತೆಗ್ಯಲ್ಲ ಅಂದ್ರು. ದಿನಾ ಒಬ್ಬೊಬ್ರು ಬಂದು ನನ್ನ ಜಗುಲಿ ಮೇಲೆ ಕೂತು ಹೋಗೋರು, ಏನೂ ಮಾತಾಡ್ತಿರ್ಲಿಲ್ಲ. ಆಮೇಲಾಮೇಲೆ ನಂಗೂ ಹಂಗೇ ಅನ್ಸೋಕ್ ಸುರುವಾಯ್ತು. ಒಂದು ಬೀಜ ಕೈತಪ್ಪಿ ಹೋಗಿರ್ಬೋದೇನೋ ಅಂತ." ಒಂದು ಗೂಡು ಬಿಚ್ಚಿ ಮುಗಿದು ಒಳಗಿನ ಹುಳ ನೀರಿನಲ್ಲಿ ತೇಲಿತು. ಅದನ್ನು ಎತ್ತಿ ಪಕ್ಕಕ್ಕೆ ಹಾಕಿ, "ಹೇಳು," ಎಂದರು.

ಹೇಳಿದೆ. ದೀಪದ ಪೆಟ್ಟಿಗೆ, ತೂತು, ತಾಮ್ರ, ಮೈಲುತುತ್ತ, ಆ ಒಂದು ಹಿಡಿ ಜಾಸ್ತಿ, ಎಲ್ಲ. ಹಿಟ್ಟಿನ ನಡುಭಾಗ ಇನ್ನೂ ಘಮಘಮ ಇತ್ತು ಎಂದೂ, ಒಳ್ಳೆಯ ಕೈ ಎಂದು ಆ ಜರ್ಮನಿಯವರು ಹೇಳಿದರು ಎಂದೂ ಹೇಳಿದೆ.

ಅವರ ಕೈ ನಿಲ್ಲಲಿಲ್ಲ. ಕೇಳಿದ್ದು ಒಂದೇ: "ಇದು ಯಾವತ್ತು ಗೊತ್ತಾಯ್ತು ನಿಂಗೆ?"

ಲೆಕ್ಕ ಹಾಕುವ ಅಗತ್ಯವಿರಲಿಲ್ಲ. "ಯಜಮಾನರಿಗೆ ಕಾಗದ ಬರೆದೆನಲ್ಲ, ಅವತ್ತು."

"ಅಂದ್ರೆ ನಾನು ಹೆಬ್ಬೆಟ್ಟು ಒತ್ತೋಕ್ ಮುಂಚೆ."

"ಮುಂಚೆ."

ಎಳೆ ಕಡಿಯಿತು. ಅವರು ತುದಿ ಹುಡುಕಿ, ಬೆರಳಲ್ಲಿ ಹೊಸೆದು, ಮತ್ತೆ ಸೇರಿಸಿದರು.

"ಆ ವಿಚಾರಣೆ ಕಡತ ಹಂಗೇ ಇರ್ಲಿ ಬಿಡು. ಅದನ್ನ ಯಾರ್ ಓದ್ತಾರೆ. ಆ ಮಗೂ ತಾಯಿ ಇದಾಳಲ್ಲ, ಅವ್ಳು ನಂಗೆ ಚಿಂತಾಮಣಿ ಸಂತೇಲಿ ಎದ್ರು ಸಿಕ್ಕಿದ್ಲು. ಇದ್ದ ಇನ್ನೊಂದು ಕೂಸನ್ನ ಸೆರಗಲ್ಲಿ ಮುಚ್ಕೊಂಡ್ಳು, ನನ್ನ ಕಣ್ಣು ಬೀಳ್ಬಾರ್ದು ಅಂತ. ಅವಳ್ಗೊಂದು ಹೇಳ್ಬಿಡು ರಾಮಣ್ಣ. ನಾನೂ ಬರ್ತೀನಿ. ಹೋಗಣ."

ಕೈವಾರದ ದಾರಿ

ಮಾರನೇ ದಿನ ಬೆಳಿಗ್ಗೆ ಚಿಕ್ಕ ರೈಲಿನಲ್ಲಿ ಚಿಂತಾಮಣಿ, ಅಲ್ಲಿಂದ ಬಸ್ಸು, ಆಮೇಲೆ ಒಂದು ಮೈಲಿ ನಡಿಗೆ. ಮಗುವಿನ ತಾಯಿ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಮಾವ ಜಗುಲಿಯ ಮೇಲಿದ್ದ. ನನ್ನ ಕೋಟು ನೋಡಿ ಮುದುಕ ಎದ್ದು ಚಾಪೆ ಹಾಸಿದ. ಅಕ್ಕಯ್ಯಮ್ಮನನ್ನು ಯಾರೂ ಒಳಗೆ ಕರೆಯಲಿಲ್ಲ. ಅವರು ಬೇಲಿಯ ಪಕ್ಕದಲ್ಲಿ ನಿಂತರು.

ನಾನು ಸುತ್ತು ಬಳಸದೆ ಹೇಳಿದೆ. ತಪ್ಪು ಹಿಟ್ಟಿನದಲ್ಲ, ಪೊಟ್ಟಣದ್ದು. ಕಾಗದಕ್ಕೆ ಹಚ್ಚುವ ಅಂಟಿಗೆ ವಿಷ ಹಾಕಿದವನು ನಾನು. ಈಯಮ್ಮ ಹುರಿದ ಹಿಟ್ಟು ಚೆನ್ನಾಗಿತ್ತು. ಜರ್ಮನಿಯಲ್ಲಿ ಪರೀಕ್ಷೆ ಮಾಡಿಸಿದ್ದೇನೆ, ಇಗೋ ಕಾಗದ.

ಮುದುಕ ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ಹಿಂದಕ್ಕೆ ಕೊಟ್ಟ. "ಸಾಮಿ, ಪೊಟ್ಣಾನ ಯಾರ್ ತಿಂತಾರೆ? ಒಳಗಿರೋ ಹಿಟ್ಟು ತಾನೇ ತಿನ್ನೋದು."

"ಆ ಅಂಟು ತಗಡನ್ನೇ ತಿಂದುಬಿಡ್ತು. ತೂತಾಗಿ ವಿಷ ಒಳಗೆ ಇಳೀತು."

"ಅಂಟು ತಗಡನ್ನ ತಿಂತಾ?" ಅವನು ನಗಲಿಲ್ಲ, ಅಷ್ಟು ಮಾತ್ರ ಮರ್ಯಾದೆ.

ಇನ್ನೊಂದು ರೀತಿಯಲ್ಲಿ ಹೇಳಿದೆ. ಮತ್ತೊಂದು ರೀತಿಯಲ್ಲಿ ಹೇಳಿದೆ. ತಾಯಿ ಮೊರ ಕೆಳಗಿಟ್ಟು ಅಷ್ಟನ್ನೂ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂತು. ನಾನು ಕಾದೆ. ಬೈಯಲಿ, ಮೊರ ಎತ್ತಿ ಹೊಡೆಯಲಿ ಎಂದು ಕಾದೆ.

"ಅವರಾಗೇ ಹೆಬ್ಬೆಟ್ಟು ಒತ್ತಿ ಒಪ್ಕೊಂಡಿದಾರೆ," ಎಂದಳು ನಿಧಾನವಾಗಿ. "ಮಾಡ್ದಿದ್ದ ತಪ್ಪನ್ನ ಯಾರಾದ್ರೂ ಒಪ್ಕೊತಾರಾ ಸಾಮಿ? ನೀವು ಸಮುದ್ರ ದಾಟಿ ಬಂದೋರು. ಆ ಮುಂಡೇದ್ರ ಕಷ್ಟ ನೋಡಕಾಗ್ದೆ ಇಷ್ಟು ದೂರ ಬಂದು ನಿಮ್ಮ ತಲೆ ಮೇಲೆ ಹಾಕ್ಕೊತಾ ಇದೀರ. ಇಂಥೋರೂ ಇರ್ತಾರಾ ಅಂತ ಅಳು ಬಂತು ನಂಗೆ."

"ಅಲ್ಲಮ್ಮ, ನಿಜವಾಗ್ಲೂ ನಾನೇ..."

"ಆಯ್ತು ಸಾಮಿ," ಎಂದ ಮುದುಕ, ಮಗುವಿಗೆ ಹೇಳುವ ಹಾಗೆ. "ದ್ಯಾವ್ರು ನೋಡ್ಕೊತಾನೆ. ಮಂಚಿ ಮನುಷ್ಯರು, ಒಳ್ಳೇವ್ರು ನೀವು."

ತಾಯಿ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದಿಟ್ಟಳು. ಒಂದೇ ಲೋಟ. ನಾನು ಬೇಲಿಯ ಕಡೆ ನೋಡಿದೆ.

"ಕುಡಿ ರಾಮಣ್ಣ," ಎಂದರು ಅಕ್ಕಯ್ಯಮ್ಮ ಅಲ್ಲಿಂದಲೇ. "ಬಿಸ್ಲಲ್ಲಿ ನಡ್ದಿದೀಯ. ಕೊಟ್ಟಿದ್ದನ್ನ ಬ್ಯಾಡ ಅನ್ಬಾರ್ದು."

ಕುಡಿದೆ. ಹೊರಟಾಗ ಮುದುಕ ಬೇಡವೆಂದರೂ ಕೇಳದೆ ರಸ್ತೆಯವರೆಗೆ ಬಂದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೆಗಲ ಮೇಲಿನ ಟವಲಿನಿಂದ ಮೈಲಿಗಲ್ಲನ್ನು ಒರೆಸಿ, ನಾನು ಕೂರುವವರೆಗೂ ಕೈಕಟ್ಟಿ ನಿಂತ. ಅಕ್ಕಯ್ಯಮ್ಮ ರಸ್ತೆಯ ಆಚೆ ಬದಿಯಲ್ಲಿ, ಬಿಸಿಲಿನಲ್ಲಿ ನಿಂತಿದ್ದರು.